ಹೊಣೆ ಹಂಚಿದ ಸಂತ ಜೋಸೆಫ್ ವಾಜ್

ನಿಮ್ಮ ಊರಿಗೆ ಗುರುಗಳು ವರ್ಷಕ್ಕೊಮ್ಮೆ ಮಾತ್ರ ಬರುವಂತಾದರೆ ಅಲ್ಲಿ ವಿಶ್ವಾಸ ಉಳಿದೀತೇ? ಮಕ್ಕಳಿಗೆ ಜಪ ಕಲಿಸುವವರು ಯಾರು? ಮರಣಶಯ್ಯೆಯಲ್ಲಿರುವವರ ಬಳಿ ಕುಳಿತು ಪ್ರಾರ್ಥಿಸುವವರು ಯಾರು? ಸಂತ ಜೋಸೆಫ್ ವಾಜರ ಬಾಳಿನಲ್ಲಿ ಇದಕ್ಕೆ ಉತ್ತರವಿದೆ.

ಅವರು 1651ರ ಏಪ್ರಿಲ್ 21ರಂದು ಗೋವೆಯ ಬಾಣಾವಲಿಯಲ್ಲಿ ಜನಿಸಿ, 1676ರಲ್ಲಿ ಗುರುದೀಕ್ಷೆ ಪಡೆದರು. 1681ರಿಂದ 1684ರವರೆಗೆ ನಮ್ಮ ಕರಾವಳಿಯ ಕೆನರಾ ಪ್ರಾಂತ್ಯದಲ್ಲಿ ಸೇವೆ ಸಲ್ಲಿಸಿದರು. ಆದರೆ ಅವರ ಮನಸ್ಸು ಸಿಂಹಳ ದ್ವೀಪದ ಕಡೆಗಿತ್ತು. ಅಲ್ಲಿ ಡಚ್ಚರು ಕಥೋಲಿಕ ಗುರುಗಳನ್ನು ನಿಷೇಧಿಸಿದ್ದರಿಂದ, ವಿಶ್ವಾಸಿಗಳು ಸುಮಾರು ಮೂವತ್ತು ವರ್ಷಗಳಿಂದ ಗುರುಗಳಿಲ್ಲದೆ ಬಾಳುತ್ತಿದ್ದರು.

1687ರಲ್ಲಿ ವಾಜರು ಬಡ ಕೂಲಿಯಾಳಿನ ವೇಷದಲ್ಲಿ ಆ ದ್ವೀಪವನ್ನು ಸೇರಿದರು. ರಾತ್ರಿಯಲ್ಲಿ ಗುಟ್ಟಾಗಿ ಬಲಿಪೂಜೆ ಅರ್ಪಿಸುತ್ತಾ ಊರೂರು ತಿರುಗಿದರು. 1692ರಲ್ಲಿ ಕ್ಯಾಂಡಿಯಲ್ಲಿ ಪೋರ್ಚುಗೀಸರ ಗೂಢಚಾರನೆಂಬ ಶಂಕೆಯಿಂದ ಅವರನ್ನು ಸೆರೆಯಲ್ಲಿಟ್ಟರು. ಸುಮಾರು ಒಂಬತ್ತು ವರ್ಷ ಇಡೀ ದ್ವೀಪಕ್ಕೆ ಅವರೊಬ್ಬರೇ ಗುರುಗಳು!

ಒಬ್ಬರಿಂದ ಎಲ್ಲವೂ ಆಗದೆಂದು ಅವರು ಅರಿತಿದ್ದರು. ಆದ್ದರಿಂದ ಊರೂರಿನ ಶ್ರೀಸಾಮಾನ್ಯ ವಿಶ್ವಾಸಿಗಳನ್ನೇ ಮುಂದಾಳುಗಳನ್ನಾಗಿ ಮಾಡಿದರು. ‘ಮೂಪ್ಪು’ ಎಂಬ ಹಿರಿಯರು ನಮ್ಮ ಕರಾವಳಿಯ ವಾಳೆಗಳ ಗುರಿಕಾರರಂತೆ ಸಮುದಾಯವನ್ನು ನೋಡಿಕೊಂಡರು. ‘ಅಣ್ಣಾವಿ’ ಎಂಬ ಉಪದೇಶಿಗಳು ಪ್ರಾರ್ಥನೆ ನಡೆಸಿ ಧರ್ಮೋಪದೇಶ ಕಲಿಸಿದರು. ಗುರುಗಳಿಲ್ಲದಾಗ ಪ್ರಾರ್ಥನೆ ನಿಲ್ಲಲಿಲ್ಲ, ಊರಿನ ಸಭೆ ಚದುರಲಿಲ್ಲ.

ಮುಂದೆ ಗೋವೆಯಿಂದ ಇತರ ಗುರುಗಳು ಬಂದರು. 1705ರಲ್ಲಿ ಬಂದ ಜಾಕೊಮೆ ಗೊನ್ಸಾಲ್ವಿಸರು ಸಿಂಹಳ ಮತ್ತು ತಮಿಳಿನಲ್ಲಿ ಧಾರ್ಮಿಕ ಗ್ರಂಥಗಳನ್ನು ರಚಿಸಿದರು. ತಮಗೆ ದೊರೆಯಬಹುದಾಗಿದ್ದ ಧರ್ಮಾಧ್ಯಕ್ಷ ಪದವಿಯನ್ನು ವಾಜರು ಬೇಡವೆಂದರು. 1711ರ ಜನವರಿ 16ರಂದು ಅವರು ಕ್ಯಾಂಡಿಯಲ್ಲಿ ಪ್ರಭುವಿನಲ್ಲಿ ನಿದ್ರಿಸಿದಾಗ ಧರ್ಮಸಭೆ ಅನಾಥವಾಗಲಿಲ್ಲ. 1796ರಲ್ಲಿ ಡಚ್ಚರ ಆಳ್ವಿಕೆ ಮುಗಿದಾಗಲೂ ಆ ವಿಶ್ವಾಸದ ದೀಪ ಉರಿಯುತ್ತಲೇ ಇತ್ತು. 2015ರ ಜನವರಿ 14ರಂದು ಕೊಲಂಬೋದಲ್ಲಿ ಜಗದ್ಗುರು ಫ್ರಾನ್ಸಿಸರು ಅವರನ್ನು ಸಂತರೆಂದು ಘೋಷಿಸಿದರು.

ಸಹೋದರ ಸಹೋದರಿಯರೇ, ನಮ್ಮ ಧರ್ಮಕೇಂದ್ರಗಳಲ್ಲಿ ಅದೇ ನಾಲ್ಕು ಜನ ವರ್ಷಾನುಗಟ್ಟಲೆ ಎಲ್ಲ ಕೆಲಸ ಹೊರುವುದುಂಟು. ಕಿರಿಯರಿಗೆ ಇನ್ನೂ ಅನುಭವ ಸಾಲದೆನ್ನುತ್ತೇವೆ. ಹೊಣೆ ಕೊಡದೆ ಅನುಭವ ಬರುವುದಾದರೂ ಹೇಗೆ? ಈ ವಾರ ನಿಮ್ಮ ವಾಳೆಯ ಜಪಸರವನ್ನು ಒಬ್ಬ ಯುವಕನೋ ಯುವತಿಯೋ ನಡೆಸಲಿ. ತಪ್ಪಿದರೆ ಪ್ರೀತಿಯಿಂದ ತಿದ್ದಿ, ಮುಂದಿನ ವಾರವೂ ಅವರಿಗೇ ಬಿಡಿ. ನೀವು ಮನೆಯಲ್ಲಿ ಕಾಯಿಲೆ ಬಿದ್ದ ದಿನ ಅವರು ನಿಮಗಾಗಿ ಪ್ರಾರ್ಥನೆ ನಡೆಸಲು ಬಂದಾರು.