ರಕ್ತನಿಧಿಯ ಡಾ. ಚಾರ್ಲ್ಸ್ ಡ್ರೂ

ಅಮೇರಿಕಾದ ವಾಷಿಂಗ್ಟನ್ ನಗರದ ಕಪ್ಪು ಜನಾಂಗದ ಕುಟುಂಬವೊಂದರಲ್ಲಿ 1904ರ ಜೂನ್ 3ರಂದು ಚಾರ್ಲ್ಸ್ ರಿಚರ್ಡ್ ಡ್ರೂ ಜನಿಸಿದರು. ತಂದೆಯದು ಮನೆಗಳಿಗೆ ರತ್ನಗಂಬಳಿ ಹಾಸುವ ವೃತ್ತಿ. ಬಾಲಕ ಚಾರ್ಲ್ಸ್ ವೃತ್ತಪತ್ರಿಕೆ ಮಾರಿದರು. ತರುಣರಾಗಿ ಆಟದ ಮೈದಾನದಲ್ಲಿ ಹೆಸರು ಗಳಿಸಿದರು. 1926ರಲ್ಲಿ ಆಮ್‌ಹರ್ಸ್ಟ್ ಕಾಲೇಜಿನ ಪದವಿ ದೊರೆತರೂ ವೈದ್ಯ ವ್ಯಾಸಂಗಕ್ಕೆ ಹಣವಿರಲಿಲ್ಲ. ಬಾಲ್ಟಿಮೋರಿನ ಮಾರ್ಗನ್ ಕಾಲೇಜಿನಲ್ಲಿ ಎರಡು ವರ್ಷ ವಿಜ್ಞಾನವನ್ನೂ ಕ್ರೀಡೆಗಳನ್ನೂ ಕಲಿಸಿ ಹಣ ಕೂಡಿಸಿದ ಈ ಅಧ್ಯಾಪಕರು ಕೆನಡಾದ ಮೆಕ್‌ಗಿಲ್ ವಿಶ್ವವಿದ್ಯಾಲಯವನ್ನು ಸೇರಿ 1933ರಲ್ಲಿ ವೈದ್ಯರಾದರು.

1938ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಬಂದ ಡ್ರೂ, ಜಾನ್ ಸ್ಕಡರ್ ಅವರೊಡನೆ ಶೇಖರಿಸಿಟ್ಟ ರಕ್ತದ ಅಭ್ಯಾಸಕ್ಕೆ ತೊಡಗಿದರು. ಸಿಟ್ರೇಟ್ ಬೆರೆಸಿ ತಂಪಿನಲ್ಲಿಟ್ಟರೆ ರಕ್ತ ಹೆಪ್ಪುಗಟ್ಟದು. ಆದರೆ ಸೀಸೆಯೊಳಗೆ ಅದು ಇದ್ದಂತೆಯೇ ಇರುವುದೂ ಇಲ್ಲ. ಕೆಂಪುಕಣಗಳಿಂದ ಪೊಟ್ಯಾಸಿಯಂ ಸೋರಿ ಪ್ಲಾಸ್ಮಾ ಎಂಬ ದ್ರವಭಾಗವನ್ನು ಸೇರುತ್ತದೆ. ಬಿಳಿಯ ಕಣಗಳು ಬಹುಬೇಗ ಶಿಥಿಲವಾಗುತ್ತವೆ. ಕಣಗಳ ಈ ಅವನತಿಯನ್ನು ಡ್ರೂ ದಿನದಿನವೂ ಅಳೆದು ದಾಖಲಿಸಿದರು. ಕಣಗಳಿಂದ ಬೇರ್ಪಡಿಸಿದ ಪ್ಲಾಸ್ಮಾವಾದರೋ ಹೆಚ್ಚು ಕಾಲ ಬಾಳುತ್ತಿತ್ತು. ಈ ಅಭ್ಯಾಸವನ್ನೊಳಗೊಂಡ ಪ್ರೌಢಪ್ರಬಂಧಕ್ಕೆ 1940ರಲ್ಲಿ ಕೊಲಂಬಿಯಾ ಡಾಕ್ಟರೇಟ್ ನೀಡಿತು.

ಅವರು ಹಿಡಿದ ದಾರಿ ಎಷ್ಟು ದೂರ ಸಾಗುವುದಿತ್ತೆಂಬುದು ಬಹುಕಾಲದ ನಂತರ ತಿಳಿಯಿತು. ಶೇಖರಣೆಯ ದಿನಗಳಲ್ಲಿ ಬಿಳಿಯ ಕಣಗಳು ಪ್ಲಾಸ್ಮಾದೊಳಗೆ ಬಿಡುವ ಸೈಟೋಕೈನ್ ಎಂಬ ಪದಾರ್ಥಗಳೇ ಕಿರುಬಿಲ್ಲೆಗಳನ್ನು ಪಡೆದ ರೋಗಿಗಳಲ್ಲಿ ಚಳಿಜ್ವರ ತರಬಲ್ಲವೆಂಬುದಕ್ಕೆ 1994ರಲ್ಲಿ ಕೆನಡಾದ ಸಂಶೋಧಕರು ಪ್ರಬಲ ಆಧಾರ ಒದಗಿಸಿದರು. ರಕ್ತವನ್ನು ಶೇಖರಿಸುವ ಮುನ್ನವೇ ಬಿಳಿಯ ಕಣಗಳನ್ನು ಸೋಸಿ ತೆಗೆಯುವ ಪದ್ಧತಿ ಅನೇಕ ದೇಶಗಳಲ್ಲಿ ರೂಢಿಗೆ ಬಂದಿತು. ಡ್ರೂ ಅವರ ಕಾಲದಲ್ಲಿ ಅಂತಹ ಸೋಸಣಿಗೆಗಳಿರಲಿಲ್ಲ. ಬೇಗ ಬೇರ್ಪಡಿಸುವುದು, ತಂಪು, ಶುಚಿ ಇವಿಷ್ಟೇ ಅವರಿಗಿದ್ದ ಸಾಧನಗಳು.

1940ರಲ್ಲಿ ಬಾಂಬುದಾಳಿಗೆ ತುತ್ತಾದ ಬ್ರಿಟನ್ನಿಗೆ ಪ್ಲಾಸ್ಮಾ ಕಳುಹಿಸುವ ಕಾರ್ಯದ ವೈದ್ಯಕೀಯ ಹೊಣೆ ಅವರ ಮೇಲೆ ಬಿದ್ದಿತು. ಆಸ್ಪತ್ರೆಗೊಂದು ಪದ್ಧತಿಯಿದ್ದುದನ್ನು ನಿಲ್ಲಿಸಿ, ಎಲ್ಲೆಡೆ ಒಂದೇ ಕಟ್ಟುನಿಟ್ಟಿನ ಕ್ರಮವನ್ನೂ ರೋಗಾಣು ಪರೀಕ್ಷೆಯನ್ನೂ ಜಾರಿಗೆ ತಂದರು. ಹದಿನಾಲ್ಕು ಸಾವಿರಕ್ಕೂ ಮಿಕ್ಕಿ ದಾನಿಗಳು ರಕ್ತವಿತ್ತರು. 5,000 ಲೀಟರಿಗೂ ಹೆಚ್ಚು ಪ್ಲಾಸ್ಮಾ ದ್ರಾವಣ ಸಾಗರ ದಾಟಿತು. 1941ರಲ್ಲಿ ಅಮೇರಿಕಾದ ರೆಡ್‌ಕ್ರಾಸ್ ಸಂಸ್ಥೆಯ ಪ್ರಾಯೋಗಿಕ ರಕ್ತನಿಧಿಯನ್ನೂ ಅವರೇ ನಡೆಸಿ, ಅದೇ ವರ್ಷ ಹೊವಾರ್ಡ್ ವಿಶ್ವವಿದ್ಯಾಲಯಕ್ಕೆ ಮರಳಿದರು.

ಆ ವರ್ಷದ ಕೊನೆಯಲ್ಲಿ ಸೇನೆಗಾಗಿ ನಡೆದ ಸಂಗ್ರಹದಿಂದ ಕಪ್ಪು ಜನರನ್ನು ಹೊರಗಿಡಲಾಯಿತು. 1942ರಲ್ಲಿ ಅವರ ರಕ್ತವನ್ನು ಸ್ವೀಕರಿಸಿದರೂ ಪ್ರತ್ಯೇಕವಾಗಿ ಗುರುತಿಸಿ ಇಡಲಾಗುತ್ತಿತ್ತು. ರಕ್ತಕ್ಕೆ ಗುಂಪುಗಳುಂಟು, ಚರ್ಮದ ಬಣ್ಣವಿಲ್ಲ. ಇದನ್ನು ಡ್ರೂ ಅವರಿಗಿಂತ ಚೆನ್ನಾಗಿ ಬಲ್ಲವರು ವಿರಳ. ಈ ವಿಂಗಡಣೆಗೆ ವಿಜ್ಞಾನದ ಆಧಾರವಿಲ್ಲವೆಂದು ಅವರು ಬಹಿರಂಗವಾಗಿಯೇ ಖಂಡಿಸಿದರು. ಹೊವಾರ್ಡಿನಲ್ಲಿ ಶಸ್ತ್ರವೈದ್ಯಕೀಯ ವಿಭಾಗದ ಮುಖ್ಯಸ್ಥರಾಗಿ ತಮ್ಮ ಜನಾಂಗದ ಅನೇಕ ಶಸ್ತ್ರವೈದ್ಯರನ್ನು ತರಬೇತುಗೊಳಿಸಿದರು. ಪ್ಲಾಸ್ಮಾದಷ್ಟೇ ದೊಡ್ಡ ಕೆಲಸವಿದು, ಆದರೆ ಅಷ್ಟಾಗಿ ಹೇಳಲ್ಪಡುವುದಿಲ್ಲ.

1950ರ ಏಪ್ರಿಲ್ 1ರಂದು ಟಸ್ಕೀಗಿಯ ಉಚಿತ ವೈದ್ಯ ಶಿಬಿರಕ್ಕೆ ಹೊರಟಿದ್ದಾಗ ಉತ್ತರ ಕರೊಲೈನಾದಲ್ಲಿ ಅವರು ನಡೆಸುತ್ತಿದ್ದ ಕಾರು ಉರುಳಿತು. ಕಪ್ಪು ಜನಾಂಗದವರೆಂಬ ಕಾರಣಕ್ಕೆ ಅವರಿಗೆ ರಕ್ತ ನಿರಾಕರಿಸಲಾಯಿತೆಂಬ ಕಥೆ ಬಹಳ ಹರಡಿದೆ, ಅದು ನಿಜವಲ್ಲ. ಸಮೀಪದ ಆಸ್ಪತ್ರೆಯ ಬಿಳಿಯ ವೈದ್ಯರು ಅವರನ್ನು ಉಳಿಸಲು ಶ್ರಮಿಸಿದರು, ಗಾಯಗಳು ತೀವ್ರವಾಗಿದ್ದವು. ಆಗ ಅವರಿಗೆ 45 ವರ್ಷ. ರೆಡ್‌ಕ್ರಾಸ್ ರಕ್ತದ ಸೀಸೆಗಳ ಮೇಲೆ ಜನಾಂಗವನ್ನು ಗುರುತಿಸುವುದನ್ನು ಕೈಬಿಟ್ಟದ್ದು ಅದೇ ವರ್ಷ.