ಮಹಾರಾಣಿ ಲಕ್ಷ್ಮಮ್ಮಣ್ಣಿ ಮತ್ತು ಮೊಮ್ಮಗನ ಮದುಮಗಳು

ಕಳೆದ ವರ್ಷ ಇಲ್ಲಿ ಶಂಶಾಬಾದಿನಲ್ಲಿ ಡಾಕ್ಟರಮ್ಮ ನನಗೆ, ಮಗುವಿನ ಯೋಚನೆ ಮಾಡುವ ಮೊದಲು ರುಬೆಲ್ಲಾ ರಕ್ತಪರೀಕ್ಷೆ ಮಾಡಿಸಿ ಎಂದರು. ವರದಿ ನೆಗೆಟಿವ್ ಬಂತು. ರೋಗವಿಲ್ಲ ಎಂದು ಖುಷಿಪಟ್ಟೆ. ಹಾಗಲ್ಲಮ್ಮ, ನಿಮಗೆ ರೋಗನಿರೋಧಕ ಶಕ್ತಿ ಇಲ್ಲ ಎಂದರ್ಥ ಅಂತ ಅವರು ಬಿಡಿಸಿ ಹೇಳಬೇಕಾಯಿತು. ನನ್ನ ಎಂಟೆಕ್ ಅಲ್ಲಿ ಉಪಯೋಗಕ್ಕೆ ಬರಲಿಲ್ಲ ನೋಡಿ!

ಲಸಿಕೆ ಹಾಕಿಸಿಕೊಂಡು ಕನಿಷ್ಠ ಒಂದು ತಿಂಗಳು ಕಾಯಬೇಕು ಎಂದಾಗ ಮೈಸೂರಿನಿಂದ ಅತ್ತೆ ಫೋನಿನಲ್ಲೇ ಬೇಡವೆಂದರು. ಚುಚ್ಚುಮದ್ದು ಮಕ್ಕಳಿಗೆ, ಮದುವೆಯಾದವಳಿಗೆ ಯಾಕೆ ಎಂಬುದು ಅವರ ವಾದ. ಆಗ ನನಗೆ ನೆನಪಾದದ್ದು ಅವರ ಊರಿನ ಮಹಾರಾಣಿ ಲಕ್ಷ್ಮಮ್ಮಣ್ಣಿಯವರು.

ಇಮ್ಮಡಿ ಕೃಷ್ಣರಾಜ ಒಡೆಯರ್ 1766ರಲ್ಲಿ ತೀರಿಕೊಂಡಾಗ ಲಕ್ಷ್ಮಮ್ಮಣ್ಣಿ ಇನ್ನೂ ಚಿಕ್ಕವರು. ಅಧಿಕಾರ ಹೈದರಾಲಿಯ ಕೈಯಲ್ಲಿತ್ತು, ಆಮೇಲೆ ಟಿಪ್ಪುವಿನ ಕೈಗೆ ಹೋಯಿತು. ಈ ಹೆಣ್ಣುಮಗಳು ಅಂತಃಪುರದಲ್ಲಿದ್ದುಕೊಂಡೇ, ನಂಬಿಕೆಯ ತಿರುಮಲರಾಯರ ಮೂಲಕ ಇಂಗ್ಲಿಷರೊಡನೆ ಗುಟ್ಟಾಗಿ ಮಾತುಕತೆ ನಡೆಸಿದರು. ಸಿಕ್ಕಿಬಿದ್ದರೆ ಏನಾಗುತ್ತದೆ ಎಂದು ಗೊತ್ತಿದ್ದೂ ಮೂರು ದಶಕ ಪಟ್ಟು ಬಿಡಲಿಲ್ಲ. 1799ರಲ್ಲಿ ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರು ಪಟ್ಟಕ್ಕೆ ಬಂದರು. ಅವರನ್ನು ಬೆಳೆಸಿದ ಅಜ್ಜಿ ಇವರೇ, ಆಡಳಿತ ನೋಡಿಕೊಂಡದ್ದು ದಿವಾನ್ ಪೂರ್ಣಯ್ಯ.

ಗೆದ್ದ ರಾಜ್ಯಕ್ಕೆ ಇನ್ನೊಂದು ಭಯವಿತ್ತು, ಸಿಡುಬು. ಜೆನ್ನರ್ 1796ರಲ್ಲಿ ಕಂಡುಕೊಂಡ ಲಸಿಕೆ 1802ರಲ್ಲಿ ಮುಂಬಯಿಗೆ ಬಂತು. ಆಗ ಶೀಶೆಯಿಲ್ಲ, ಫ್ರಿಜ್ ಇಲ್ಲ. ಒಬ್ಬರ ತೋಳಿನ ಗುಳ್ಳೆಯ ರಸವನ್ನು ಇನ್ನೊಬ್ಬರ ತೋಳಿಗೆ ಹಾಕುತ್ತಿದ್ದರು. ಮಡಿ, ಜಾತಿ ನೋಡುವ ಮನೆಗಳಲ್ಲಿ ಯಾರು ಒಪ್ಪುತ್ತಾರೆ? ಆದರೂ 1805ರ ಸುಮಾರಿಗೆ ಮುಮ್ಮಡಿಯವರ ವಧುವಾಗಿ ಬಂದ ಎಳೆಯ ದೇವಾಜಮ್ಮಣ್ಣಿಗೆ ಲಸಿಕೆ ಹಾಕಲಾಯಿತು.

ಥಾಮಸ್ ಹಿಕಿ ಬರೆದ ಮೂವರು ಹೆಂಗಸರ ಚಿತ್ರವೊಂದಿದೆ. ಇತಿಹಾಸಕಾರ ನೈಜಲ್ ಚಾನ್ಸಲರ್ ಪ್ರಕಾರ ನಡುವೆ ನಿಂತವರು ಲಕ್ಷ್ಮಮ್ಮಣ್ಣಿ. ಬಲಗಡೆಯ ಹುಡುಗಿ ಸೆರಗು ಸರಿಸಿ ತೋಳು ತೋರಿಸುತ್ತಿರುವುದು ಲಸಿಕೆ ಹಾಕಿದ ಜಾಗವನ್ನು. ಎಡಗಡೆಯವಳ ಮೂಗು, ಬಾಯಿಯ ಸುತ್ತಲಿನ ಕಲೆ ಹಳೆಯ ಪದ್ಧತಿಯದು, ಸಿಡುಬಿನ ಹಕ್ಕಳೆಯ ಪುಡಿಯನ್ನೇ ಮೂಗಿಗೆ ಊದುತ್ತಿದ್ದದ್ದು. ಅಂತಃಪುರದ ಹೆಣ್ಣು ತೋಳು ತೋರಿಸಿ ಚಿತ್ರಕ್ಕೆ ನಿಲ್ಲಬೇಕಾದರೆ ಅಜ್ಜಿಯ ಒಪ್ಪಿಗೆ ಇರಲೇಬೇಕು ಎನ್ನುವುದು ನನ್ನ ಲೆಕ್ಕ. 1810ರಲ್ಲಿ ಅವರು ತೀರಿಕೊಂಡರು.

ರುಬೆಲ್ಲಾ ಸಿಡುಬಿನಂತೆ ಕೊಲ್ಲುವ ರೋಗವಲ್ಲ. ಸಣ್ಣ ಜ್ವರ, ಮೈಮೇಲೆ ಗಂಧೆ, ಅಷ್ಟೇ. ಆದರೆ ಬಸುರಿನ ಮೊದಲ ತಿಂಗಳುಗಳಲ್ಲಿ ಬಂದರೆ ಮಗುವಿನ ಕಣ್ಣು, ಕಿವಿ, ಹೃದಯಕ್ಕೆ ಕುತ್ತು. ಆಸ್ಟ್ರೇಲಿಯಾದ ಕಣ್ಣಿನ ವೈದ್ಯ ನಾರ್ಮನ್ ಗ್ರೆಗ್ ಇದನ್ನು ಗುರುತಿಸಿದ್ದು 1941ರಲ್ಲಿ. ಕರ್ನಾಟಕ, ತೆಲಂಗಾಣಗಳಲ್ಲಿ 2017ರ ದಡಾರ-ರುಬೆಲ್ಲಾ ಅಭಿಯಾನ 15 ವರ್ಷದೊಳಗಿನವರಿಗೆ. ನನ್ನ ವಯಸ್ಸಿನವರು ಅದರಲ್ಲಿ ಬರಲಿಲ್ಲ. ಇದು ಜೀವಂತ ಲಸಿಕೆಯಾದ್ದರಿಂದ ಬಸುರಿಯಾದ ಮೇಲೆ ಹಾಕುವಂತಿಲ್ಲ. ಪರೀಕ್ಷೆ ಮೊದಲೇ ಆಗಬೇಕು, ಗೆಳತಿಯರೇ.

ಆ ಚಿತ್ರವನ್ನು ಅತ್ತೆಗೆ ವಾಟ್ಸಾಪ್ ಮಾಡಿದೆ. ಮೊದಲು ಒಡವೆಗಳ ಬಗ್ಗೆ ಕೇಳಿದರು. ಆಮೇಲೆ, ಯಾವತ್ತು ಹಾಕಿಸ್ಕೋತೀಯಾ ಎಂದರು.