ಕಾಶಿಯ ಆನಿ ಬೆಸೆಂಟ್

ಕಾಶೀಯಾತ್ರೆಗೆಂದು ಹೋಗುವ ನಮ್ಮವರು ಗಂಗಾಸ್ನಾನ, ವಿಶ್ವನಾಥ ಅನ್ನಪೂರ್ಣೆಯರ ದರ್ಶನಗಳನ್ನು ಮುಗಿಸಿ ಹಿಂದಿರುಗುವುದು ವಾಡಿಕೆ. ಅದೇ ಊರಿನ ಕಮಚ್ಛಾದಲ್ಲಿರುವ ಶಾಂತಿಕುಂಜವನ್ನು ಕಂಡುಬರುವವರು ವಿರಳ. ಒಂದು ಕಾಲದಲ್ಲಿ ನಾಸ್ತಿಕವಾದವನ್ನು ಬೋಧಿಸುತ್ತಿದ್ದ ಆಂಗ್ಲ ಮಹಿಳೆಯೊಬ್ಬರು ಭಗವದ್ಗೀತೆಯ ಉಪಾಸಕಿಯಾಗಿ ಬಾಳಿದ ಮನೆ ಅದು.

ಆನಿ ಬೆಸೆಂಟರು ಜನಿಸಿದ್ದು 1847ರ ಅಕ್ಟೋಬರ್ 1ರಂದು, ಲಂಡನ್ನಿನಲ್ಲಿ. ಬಾಲ್ಯದಲ್ಲಿ ಪರಮ ದೈವಭಕ್ತೆ. ಇಪ್ಪತ್ತರ ಹರೆಯದಲ್ಲಿ ಪಾದ್ರಿಯೊಬ್ಬರ ಪತ್ನಿ. 1871ರಲ್ಲಿ ಹಸುಗೂಸು ಮಗಳು ನಾಯಿಕೆಮ್ಮಿನಿಂದ ನರಳಿದಾಗ, ಕರುಣಾಳುವಾದ ದೇವರು ಏನೂ ಅರಿಯದ ಶಿಶುವಿಗೆ ಈ ಯಾತನೆಯನ್ನೇಕೆ ಕೊಟ್ಟನೆಂಬ ಸಂದೇಹ ಅವರ ಮನಸ್ಸನ್ನು ಹೊಕ್ಕಿತು. ಚರ್ಚಿನ ಪವಿತ್ರ ಪ್ರಸಾದವನ್ನು ನಿರಾಕರಿಸಿ, 1873ರಲ್ಲಿ ಪತಿಯಿಂದ ಬೇರೆಯಾದರು. ಮರುವರ್ಷ ಚಾರ್ಲ್ಸ್ ಬ್ರಾಡ್ಲಾ ಅವರ ನಾಸ್ತಿಕ ಸಂಘವನ್ನು ಸೇರಿದರು. ಸಂತಾನ ನಿಯಂತ್ರಣದ ಪುಸ್ತಕವೊಂದನ್ನು ಪ್ರಕಟಿಸಿದ್ದಕ್ಕಾಗಿ 1877ರಲ್ಲಿ ಮೊಕದ್ದಮೆ ಎದುರಾಯಿತು. ಮರುವರ್ಷ ನ್ಯಾಯಾಲಯವು ಆ ಮಗಳನ್ನೇ ತಾಯಿಯಿಂದ ಬಿಡಿಸಿ ತಂದೆಗೆ ಒಪ್ಪಿಸಿತು.

ಬಳಿಕ ಸಮಾಜವಾದ, 1888ರಲ್ಲಿ ಬೆಂಕಿಕಡ್ಡಿ ಕಾರ್ಖಾನೆಯ ಹೆಣ್ಣುಮಕ್ಕಳ ಮುಷ್ಕರ. 1889ರಲ್ಲಿ ಮೇಡಂ ಬ್ಲಾವಟ್ಸ್ಕಿಯವರ ಗ್ರಂಥವನ್ನೋದಿ ಬ್ರಹ್ಮವಿದ್ಯಾ ಸಮಾಜದವರಾದರು. ಸಂತಾನ ನಿಯಂತ್ರಣವನ್ನು ಕುರಿತು ತಾವೇ ಬರೆದಿದ್ದ ಪುಸ್ತಿಕೆಯನ್ನು 1891ರಲ್ಲಿ ತಾವೇ ಹಿಂತೆಗೆದುಕೊಂಡರು. ಮಗಳನ್ನು ಕಳೆದುಕೊಂಡದ್ದು ಈ ಮತಕ್ಕಾಗಿಯೇ ಅಲ್ಲವೆ!

ಚಂಚಲಚಿತ್ತೆ ಎಂದು ಜರೆದವರುಂಟು. ಬ್ಯಾಂಕಿನ ಜಮಾ ಖರ್ಚು ನೋಡುತ್ತಲೇ ವಯಸ್ಸು ಕಳೆದಿರುವ ನನಗೆ ಹಾಗೆನಿಸುವುದಿಲ್ಲ. ಒಂದೊಂದು ಬದಲಾವಣೆಗೂ ಆಕೆ ತೆತ್ತದ್ದೇ ಹೆಚ್ಚು. ಲಾಭಕ್ಕಾಗಿ ಮಾತು ಬದಲಿಸುವವರ ಲೆಕ್ಕ ಹೀಗಿರುವುದಿಲ್ಲ.

1893ರ ನವೆಂಬರಿನಲ್ಲಿ ಭಾರತಕ್ಕೆ ಬಂದ ಬೆಸೆಂಟರು ಕಾಶಿಯನ್ನು ತಮ್ಮ ಮನೆಯಾಗಿಸಿಕೊಂಡರು. 1895ರಲ್ಲಿ ಗೀತೆಯನ್ನು ಇಂಗ್ಲಿಷಿಗೆ ಅನುವಾದಿಸಿದರು. 1898ರಲ್ಲಿ ಸೆಂಟ್ರಲ್ ಹಿಂದೂ ಕಾಲೇಜನ್ನು ಸ್ಥಾಪಿಸಿದರು. ಕಾಶೀನರೇಶ ಪ್ರಭುನಾರಾಯಣ ಸಿಂಹರು ಸ್ಥಳವಿತ್ತರು, ಪಂಡಿತ ಭಗವಾನ್‌ದಾಸರು ಹೆಗಲು ಕೊಟ್ಟರು. ಅಲ್ಲಿ ವಿಜ್ಞಾನದೊಡನೆ ಸನಾತನ ಧರ್ಮದ ಪಾಠವೂ ನಡೆಯುತ್ತಿತ್ತು. ವಿದ್ಯಾರ್ಥಿಗಳು ರಾಜಕೀಯ ಚಳವಳಿಯಿಂದ ದೂರವಿರಬೇಕೆಂಬುದು ಆಗ ಅವರ ನಿಲುವು.

ಈ ಕಾಲೇಜೇ ಕಾಶೀ ಹಿಂದೂ ವಿಶ್ವವಿದ್ಯಾನಿಲಯಕ್ಕೆ ಬೀಜವಾಯಿತು. 1916ರ ಫೆಬ್ರವರಿಯಲ್ಲಿ, ಅದರ ಶಂಕುಸ್ಥಾಪನೆಯ ಉತ್ಸವದಲ್ಲಿ ನಲವತ್ತಾರರ ಗಾಂಧೀಜಿ ಭಾಷಣಕ್ಕೆ ನಿಂತರು. ರಾಜಮಹಾರಾಜರ ಒಡವೆಗಳನ್ನು ಟೀಕಿಸಿದರು, ಬಾಂಬಿನವರ ಪ್ರಸ್ತಾಪವನ್ನೂ ಎತ್ತಿದರು. ವೇದಿಕೆಯ ಮೇಲಿದ್ದ ಅರವತ್ತೆಂಟರ ಬೆಸೆಂಟರು ಮಾತು ನಿಲ್ಲಿಸುವಂತೆ ತಡೆದರು. ಸಭೆ ಅರ್ಧಕ್ಕೇ ಮುಗಿಯಿತು. ಒಮ್ಮೆ ನ್ಯಾಯಾಲಯದಲ್ಲಿ ವಾಕ್‌ಸ್ವಾತಂತ್ರ್ಯಕ್ಕಾಗಿ ಹೋರಾಡಿದವರು ಇವರೇ!

ಆದರೆ ಅದೇ ವರ್ಷದ ಸೆಪ್ಟೆಂಬರಿನಲ್ಲಿ ಹೋಂರೂಲ್ ಲೀಗನ್ನು ಕಟ್ಟಿದವರೂ ಅವರೇ. 1917ರ ಜೂನಿನಲ್ಲಿ ಮದರಾಸು ಸರ್ಕಾರ ಅವರನ್ನು ಬಂಧನದಲ್ಲಿಟ್ಟಿತು. ಡಿಸೆಂಬರಿನಲ್ಲಿ, ಎಪ್ಪತ್ತರ ಆ ವೃದ್ಧೆ ಕಾಂಗ್ರೆಸ್ಸಿನ ಪ್ರಥಮ ಮಹಿಳಾ ಅಧ್ಯಕ್ಷೆಯಾದರು. ಬೆಂಗಳೂರಿನ ಬಸವನಗುಡಿಯ ನ್ಯಾಷನಲ್ ಹೈಸ್ಕೂಲು ಅವರ ಪ್ರೇರಣೆಯಿಂದ ಹುಟ್ಟಿದ್ದೂ ಆ ವರ್ಷವೇ.

ಆಮೇಲೆ ದೇಶವೇ ಅವರನ್ನು ಹಿಂದೆ ಹಾಕಿತು. ಕಾನೂನನ್ನು ಮುರಿಯುವ ಚಳವಳಿ ಅವರಿಗೆ ಒಪ್ಪಿಗೆಯಾಗಲಿಲ್ಲ. ಅಸಹಕಾರವನ್ನು ವಿರೋಧಿಸಿ ಕಾಂಗ್ರೆಸ್ಸಿನಿಂದ ದೂರವಾದರು. ಜಯಕಾರ ಕೇಳಿದ್ದ ಕಿವಿಗಳಿಗೆ ಜನರ ಧಿಕ್ಕಾರವೂ ಬಿತ್ತು. ಜಗದ್ಗುರುವಾಗುವರೆಂದು ನಂಬಿ ಅವರು ಬೆಳೆಸಿದ ಜಿಡ್ಡು ಕೃಷ್ಣಮೂರ್ತಿಯವರು 1929ರಲ್ಲಿ ಆ ಪಟ್ಟವನ್ನೇ ತೊರೆದರು. ಆದರೂ ಆ ಮಗನ ಮೇಲಿನ ವಾತ್ಸಲ್ಯ ಬತ್ತಲಿಲ್ಲ.

1933ರ ಸೆಪ್ಟೆಂಬರ್ 20ರಂದು ಅಡ್ಯಾರಿನಲ್ಲಿ ಅವರು ದೇಹವಿಟ್ಟರು. ಚಿತಾಭಸ್ಮದ ಒಂದು ಭಾಗವನ್ನು ಕಾಶಿಗೆ ತಂದು ಗಂಗೆಯಲ್ಲಿ ವಿಸರ್ಜಿಸಲಾಯಿತು.